ಗ್ಯಾಸ್ ಗೋಡೌನಿನ ಮುಂದೆ ಇಳಿಯುವವಳು

ಸಂಜೆ ಆಫೀಸಿನ ಆಟೋ ನನ್ನನ್ನು ಎಲ್ಲಿ ಇಳಿಸುತ್ತದೆ ಎನ್ನುವುದು ಯಾರಿಗೂ ದೊಡ್ಡ ಮಾತಲ್ಲ. ನನಗೆ ಮಾತ್ರ ಮಧ್ಯಾಹ್ನದಿಂದಲೇ ಅದೇ ಯೋಚನೆ. ಜವಳಗೇರಾ ಕಡೆ ಹೋಗುವ ರಸ್ತೆಯಲ್ಲಿ ಗ್ಯಾಸ್ ಗೋಡೌನಿನ ಮುಂದೆ ಇಳಿಯುತ್ತೇನೆ. ಆಟೋ ಮರೆಯಾಗುವ ತನಕ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ನಿಲ್ಲುತ್ತೇನೆ. ಆಮೇಲೆ ಗೋಡೌನಿನ ಹಿಂದಿರುವ ನಮ್ಮ ಓಣಿಗೆ ನಡೆಯುತ್ತೇನೆ. ಡೈರಿಯಲ್ಲೂ 'ಗೋಡೌನಿನ ಹತ್ತಿರದ ಮನೆ' ಎಂದೇ ಬರೆದುಕೊಂಡಿದ್ದೇನೆ. ಅದನ್ನು ಓದುವವಳು ನಾನೊಬ್ಬಳೇ, ಆದರೂ.

"ದಿನಾ ಅಲ್ಲೇ ಇಳೀತಿಯಲ್ಲಬೇ ಅಂಬಿಕಾ, ನಿಮ್ಮವರು ಸಿಲಿಂಡರ್ ಒಳಗ ಸಂಸಾರ ಹೂಡ್ಯಾರೇನು?" ಎಂದು ಪಕ್ಕದ ಕುರ್ಚಿಯ ರಾಜಶ್ರೀ ನಗುತ್ತಾಳೆ. ನಾನೂ ನಗುತ್ತೇನೆ. ಅವಳು ಜಂಗಮರ ಮನೆಯವಳು. ಅವಳ ತಂದೆ ಲಿಂಗಪೂಜೆ ಮುಗಿಯದೆ ಚಹಾ ಕೂಡ ಮುಟ್ಟುವುದಿಲ್ಲವಂತೆ. ಅವಳ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇದ್ದ ದಿನ ಅರ್ಧ ಮುರಿದು ನನ್ನ ಕೈಗಿಡುತ್ತಾಳೆ. ನಮ್ಮ ಓಣಿ ಯಾವುದೆಂದು ಗೊತ್ತಾದ ಮೇಲೂ ಆ ಅರ್ಧ ನನಗೆ ಬರುತ್ತದೆಯೇ? ನನ್ನ ಭಯ ಅಷ್ಟೇ. ಅಷ್ಟೇ ಎಂದು ಬರೆದೆ, ಆದರೆ ಆ ಆಫೀಸಿನಲ್ಲಿ ನನ್ನೊಡನೆ ಮಾತಾಡುವವಳು ಅವಳೊಬ್ಬಳೇ.

ನಮ್ಮ ಕಂಪನಿ ಮೊದಲು ಫೋನ್ ತಯಾರಿಸುತ್ತಿತ್ತು. ಸಿಂಧನೂರಿನ ಅಂಗಡಿಯಲ್ಲಿ ನಾವು ಅದನ್ನೇ ಮಾರುತ್ತಿದ್ದೆವು. ಕೊಳ್ಳುವವರು ಕಡಿಮೆಯಾದಾಗ ಕಂಪನಿ ಫೋನು ಬಿಟ್ಟು ನಕಾಶೆಗೆ ಇಳಿಯಿತು. ಜನರ ಕಿಸೆಯಲ್ಲಿರುವ ಅದರ ಹಳೆಯ ಫೋನುಗಳು ಎಲ್ಲಿ ಹೋದವು, ಎಲ್ಲಿ ನಿಂತವು, ಜನ ಯಾವ ಜಾಗವನ್ನು ಏನೆಂದು ಕರೆದರು, ಎಲ್ಲವನ್ನೂ ಕೂಡಿಸಿ ನಕಾಶೆ ಮಾಡಿ, ಮನೆಗೆ ಸಾಮಾನು ತಲುಪಿಸುವವರಿಗೆ, ಆಟೋ ಕರೆಸಿಕೊಡುವವರಿಗೆ ಮಾರುತ್ತದೆ. ಅಂಗಡಿಯ ಗಾಜಿನ ಕಪಾಟುಗಳು ಹೋಗಿ ಕಂಪ್ಯೂಟರು ಬಂದವು.

"ಮೊದ್ಲ ಮಂದಿ ಕೈಯಾಗ ಫೋನ್ ಕೊಡ್ತಿದ್ವಿ. ಈಗ ಫೋನಿನ ಕೈಯಾಗ ಮಂದೀನ ಕೊಡಾಕತ್ತೀವಿ," ಎಂದಿದ್ದರು ಮ್ಯಾನೇಜರ್ ಶಿವಪ್ರಸಾದ ಸರ್. ಅವತ್ತು ಎಲ್ಲರೂ ನಕ್ಕಿದ್ದೆವು.

ಒಂದು ಓಣಿಗೆ ಒಂದೇ ಹೆಸರು ಎಂಬುದು ಇಲ್ಲಿನ ನಿಯಮ. ಫೋನುಗಳಿಂದ ಬಂದ ಹೆಸರು ಪರದೆಯ ಮೇಲೆ ಬರುತ್ತದೆ. ಲಿಂಗಸುಗೂರು ಆಫೀಸಿನವರೊಬ್ಬರು, ಮಸ್ಕಿಯವರೊಬ್ಬರು, ಸಿಂಧನೂರಿನವರೊಬ್ಬರು ಅದಕ್ಕೆ ಹೌದು ಅಥವಾ ಅಲ್ಲ ಎನ್ನಬೇಕು. ಅಲ್ಲ ಎಂದವರು, ಅದು ತಮಗೆ ಹೇಗೆ ಗೊತ್ತು ಎಂಬುದನ್ನು ಮ್ಯಾನೇಜರ್ ಮುಂದೆ ಹೇಳಬೇಕು.

ಸೋಮವಾರ ನನ್ನ ಪರದೆಯ ಮೇಲೆ ಗ್ಯಾಸ್ ಗೋಡೌನು ಬಂತು. ಅದರ ಹಿಂದೆ ನಮ್ಮ ಓಣಿ. ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದ ನನ್ನ ಅಪ್ಪ ನರಸಣ್ಣ, ಓಣಿಯವರನ್ನೆಲ್ಲ ಕೂಡಿಸಿ ನೀಲಿ ಬೋರ್ಡಿನ ಮೇಲೆ ಬರೆಸಿದ್ದ 'ಸಿದ್ಧಾರ್ಥ ನಗರ' ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಊರವರು ನಮ್ಮ ಜಾತಿ ಹಿಡಿದು ಕರೆಯುವ, ಕೇರಿ ಎಂದು ಮುಗಿಯುವ ಹಳೆಯ ಹೆಸರಿತ್ತು. ಲಿಂಗಸುಗೂರಿನವರು ಹೌದು ಅಂದಿದ್ದರು. ಮಸ್ಕಿಯವರೂ ಹೌದು ಅಂದಿದ್ದರು. ನನ್ನದೊಂದು ಬಾಕಿ.

ಅಲ್ಲ ಎನ್ನಲು ಬೆರಳು ಹೋಯಿತು. ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಕೆಳಗೇ ಕಾಯುತ್ತಿತ್ತು. ಪಕ್ಕದಲ್ಲಿ ರಾಜಶ್ರೀ ಡಬ್ಬಿ ಬಿಚ್ಚುತ್ತಿದ್ದಳು. ಹೌದೆಂದೂ ಅನ್ನದೆ, ಅಲ್ಲವೆಂದೂ ಅನ್ನದೆ ಪರದೆಯ ಮುಂದಿನ ಓಣಿಗೆ ಹೋದೆ.

ಸಂಜೆ ಮನೆಗೆ ಹೋದಾಗ ಅವ್ವ ಹಿತ್ತಲಲ್ಲಿ ಒಣಗಿದ ಮೆಣಸಿನಕಾಯಿ ಬಳಿದುಕೊಳ್ಳುತ್ತಿದ್ದಳು, ಅಪ್ಪನ ಬೋರ್ಡಿನ ಮೇಲಿಂದ. ಅಪ್ಪ ತೀರಿಕೊಂಡ ವರ್ಷವೇ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ತಾಗಿ ಅದು ಬಿದ್ದಿತ್ತು. ಮತ್ತೆ ನಿಲ್ಲಿಸೋಣ ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

"ಅವ್ವಾ, ಫೋನಿನ್ಯಾಗ ಆಟೋ ಕರಿಯೋವಾಗ ನಮ್ಮ ಓಣಿ ಹೆಸರು ಏನಂತ ಹೇಳ್ತಿ?"

ಅವ್ವ ಹೇಳಿದಳು. ಆ ಹಳೆಯ ಹೆಸರನ್ನೇ, ಉಪ್ಪು ಎಂದಷ್ಟು ಸಲೀಸಾಗಿ.

"ಸಿದ್ಧಾರ್ಥ ನಗರ ಅನ್ನಾಕ ಏನಾಗೈತಿ?"

"ಅಂದು ನೋಡೀನವಾ. ಅದೆಲ್ಲಿ ಬರ್ತೈತಿ ಅಂತಾನ ಆಟೋದವ. ಹಳೇದು ಅಂದ್ರ ಸೀದಾ ಮನಿ ಮುಂದ ಬಂದು ನಿಂದರ್ತಾನ. ಮೊಣಕಾಲು ಹಿಡದಾಕಿ ನಾ. ಹೆಸರಿನ ಮ್ಯಾಲ ಕುಂತು ದವಾಖಾನಿಗೆ ಹೋಗಾಕ ಆಕ್ಕೈತೇನು?"

"ಓಣ್ಯಾಗ ಎಲ್ಲಾರೂ ಹಂಗ ಹೇಳ್ತಾರೇನು?"

"ಮತ್ತ? ನೀ ಗೋಡೌನ್ ಅಂತಿ. ನೀ ಯಾವತ್ತು ಸಿದ್ಧಾರ್ಥ ನಗರ ಅಂದೀಯವಾ?"

ಅವಳು ಬೈಯಲಿಲ್ಲ. ಮೆಣಸಿನಕಾಯಿಯ ಘಾಟಿಗೆ ಸೀನಿ ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳ ಫೋನು ಕಂಪನಿಯದೇ, ಸ್ಟಾಫ್ ರಿಯಾಯಿತಿಯಲ್ಲಿ ನಾನೇ ಕೊಡಿಸಿದ್ದು. ಊರಿನವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ, ಆ ಹೆಸರು ಕಂಪನಿಗೆ ನಮ್ಮ ಅಡುಗೆಮನೆಯಿಂದಲೇ ಹೋಗಿತ್ತು.

ಮರುದಿನ ಅಲ್ಲ ಎನ್ನಲೇಬೇಕೆಂದು ದಾರಿಯುದ್ದಕ್ಕೂ ಬಾಯೊಳಗೇ ಅಂದುಕೊಂಡು ಹೋದೆ. ಪರದೆಯಲ್ಲಿ ನಮ್ಮ ಓಣಿ ಕಾಣಲಿಲ್ಲ.

"ಸರ್, ನಿನ್ನೆ ಒಂದು ಓಣಿ ಬಾಕಿ ಇಟ್ಟಿದ್ದೆರಿ," ಎಂದೆ. ನನ್ನ ದನಿ ಅವರಿಗೆ ಕೇಳಿಸಲು ಎರಡು ಸಲ ಹೇಳಬೇಕಾಯಿತು.

"ಬಾಕಿ ಅಂತ ಏನೂ ಇರಂಗಿಲ್ಲ ತಂಗಿ. ಎರಡು ಹೌದು ಬಂದಮ್ಯಾಲ ಮೂರನೇದವರು ಸುಮ್ಮನಿದ್ರ ಅದನ್ನೂ ಹೌದಂತನ ಹಿಡೀತೈತಿ. ಮುಂಜಾನೆನ ಹೊರಗ ಹೋತು."

"ವಾಪಸ್ ತರಾಕ ಬರಂಗಿಲ್ಲೇನ್ರಿ?"

"ಮಾರಿದ್ದು ಅದು. ಈಗ ಯಾರ್ಯಾರ ಫೋನಿನ್ಯಾಗ ಹೋಗಿ ಕುಂತೈತೋ ಏನೋ. ಯಾಕ, ಏನಾಗಿತ್ತು?"

"ಏನಿಲ್ರಿ," ಎಂದು ಬಂದು ಕುಳಿತೆ. ಹುಟ್ಟಿದಾಗಿನಿಂದ ಸುಮ್ಮನಿದ್ದವಳು ನಾನು. ಕಂಡವರೆಲ್ಲ ಅದನ್ನು ಸಂಕೋಚ ಎನ್ನುತ್ತಿದ್ದರು. ಕಂಪನಿ ಅದನ್ನು ಹೌದು ಎಂದು ಬರೆದುಕೊಂಡಿತ್ತು.

ಊಟದ ಹೊತ್ತಿಗೆ ರಾಜಶ್ರೀ ತನ್ನ ಫೋನಿನಲ್ಲಿ ನಕಾಶೆ ಸರಿಸುತ್ತಿದ್ದಳು. "ಏ, ಇಲ್ಲಿ ನೋಡಬೇ. ನೀ ಇಳಿಯೋ ಗೋಡೌನ್ ಹಿಂದನ ಇದು ಐತಂತ." ಆ ಹೆಸರನ್ನು ಓದಿದಳು, ಗಟ್ಟಿಯಾಗಿಯೇ. ಶಿವಪ್ರಸಾದ ಸರ್ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು. "ನನಗ ಗೊತ್ತ ಇರಲಿಲ್ಲ. ಸಂಜೀಕ ಒಬ್ಬಾಕಿನ ಹೆಂಗ ದಾಟಿ ಹೋಗ್ತಿ? ಇನ್ನಷ್ಟು ಮುಂದ ಇಳಸಂತ ಆಟೋದವಗ ನಾ ಹೇಳ್ತೀನಿ ತಗೋ."

ಕಾಳಜಿಯಿಂದಲೇ ಕೇಳಿದ್ದಳು. ಮುರಿದ ಹೋಳಿಗೆಯ ಅರ್ಧವನ್ನು ನನ್ನ ಕಡೆ ಚಾಚಿದ್ದಳು. ಅದನ್ನು ತೆಗೆದುಕೊಂಡು ನಗಬಹುದಿತ್ತು. ಈಗ ಬಾಯಿ ಬಿಟ್ಟರೂ ನಕಾಶೆಯ ಹೆಸರು ಬದಲಾಗುವುದಿಲ್ಲ, ಹಿತ್ತಲಿನ ಬೋರ್ಡು ಎದ್ದು ನಿಲ್ಲುವುದಿಲ್ಲ, ನಾಳೆ ಈ ಕುರ್ಚಿ ಎಷ್ಟು ದೂರ ಸರಿಯುತ್ತದೋ ಗೊತ್ತಿಲ್ಲ. ಹೋಳಿಗೆಗೆ ಕೈ ಚಾಚಲಿಲ್ಲ.

"ದಾಟಿ ಹೋಗಂಗಿಲ್ಲ ರಾಜಿ," ಎಂದೆ. "ಆ ಓಣಿ ಹೆಸರು ಸಿದ್ಧಾರ್ಥ ನಗರ. ನಮ್ಮನಿ ಅಲ್ಲೇ ಐತಿ."