ಎರಡು ಗುರುತು ಜಾಸ್ತಿ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಟೈಲರಣ್ಣ ಪಂಪ್‌ಹೌಸಿನ ಹಿಂದಿನ ಕಟ್ಟೆಯ ತುದಿಯಲ್ಲಿ ಮಂಡಿಯೂರಿ ಕೂತು ಕೆರೆಗೆ ತಟ್ಟೆ ಇಳಿಸುತ್ತಿದ್ದ. ತಟ್ಟೆ ಅಂದರೆ ಊಟದ ತಟ್ಟೆಯಷ್ಟು ಅಗಲದ, ಬಿಳಿ ಬಣ್ಣ ಬಳಿದ ತಗಡು. ನಡುವೆ ತೂತು, ತೂತಿಗೆ ಹಗ್ಗ, ಹಗ್ಗದ ಮೇಲೆ ಗೇಣಿಗೊಂದರಂತೆ ಕೆಂಪು ದಾರದ ಗುರುತು. ಗುರುತು ಹಾಕಿದ್ದು ಅವನೇ, ಕಾಜಾ ಹೊಲಿಗೆಯಲ್ಲಿ. ಹನ್ನೊಂದು ವರ್ಷವಾದರೂ ಒಂದೂ ಬಿಚ್ಚಿಕೊಂಡಿರಲಿಲ್ಲ. ತಟ್ಟೆ ಇಳಿಯುತ್ತಾ ಇಳಿಯುತ್ತಾ ಕಣ್ಣಿಗೆ ಕಾಣದಂತಾದ ಕ್ಷಣ ಎಷ್ಟನೇ ಗುರುತು ನೀರಿಗೆ ತಾಗಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಒಂಬತ್ತು, ಹತ್ತು ಎಂದರೆ ನೀರು ತಿಳಿ. ಆರಕ್ಕಿಂತ ಕೆಳಗೆ ಬಂದರೆ ಏನೋ ಎಡವಟ್ಟಾಗಿದೆ. ಅಷ್ಟೇ ವಿದ್ಯೆ.

ಎದುರು ದಡದಲ್ಲಿ ಕಾಗದದ ಕಾರ್ಖಾನೆ ಶುರುವಾದ ವರ್ಷ ಹೈಸ್ಕೂಲಿನ ಕೆಮಿಸ್ಟ್ರಿ ಟೀಚರು ಊರಿನವರನ್ನು ಸೇರಿಸಿ ಕೆರೆ ಸಮಿತಿ ಕಟ್ಟಿದ್ದರು. ಘೋಷಣೆ ಕೂಗುವುದಕ್ಕೆ ಬೇಕಾದಷ್ಟು ಜನ ಇದ್ದರು. ದಿನಾ ಬೆಳಿಗ್ಗೆ ಬಂದು ನೀರು ನೋಡುವವರು ಯಾರು ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಟೈಲರಣ್ಣ ಕೈ ಎತ್ತಿದ. ಅವತ್ತಿನವರೆಗೆ ಅವನು ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವ ಮನುಷ್ಯನಾಗಿದ್ದ. ಅವತ್ತಿನಿಂದ ಜನ ರಸ್ತೆಯಲ್ಲಿ ನಿಲ್ಲಿಸಿ, "ಏನಣ್ಣ, ನೀರು ಹೇಗಿದೆ?" ಎಂದು ಕೇಳತೊಡಗಿದರು. ಬ್ಯಾಂಕಿನ ಮ್ಯಾನೇಜರು ಕೂಡ ಕೇಳುತ್ತಿದ್ದರು. ಮನುಷ್ಯನಿಗೆ ಇಂಥದ್ದು ಒಮ್ಮೆ ರುಚಿ ಹತ್ತಿತೆಂದರೆ ಬಿಡುವುದು ಕಷ್ಟ.

ಕಣ್ಣು ಮಂಜಾಗತೊಡಗಿದ್ದು ಹನ್ನೊಂದನೇ ವರ್ಷದಲ್ಲಿ. ಮೊದಲು ಸೂಜಿಗೆ ದಾರ ಪೋಣಿಸುವುದು ಹೆಂಡತಿಯ ಪಾಲಿಗೆ ಬಂತು. ಅವಳು ಬೆಳಿಗ್ಗೆಯೇ ಹತ್ತು ಸೂಜಿಗೆ ಹತ್ತು ಬಣ್ಣದ ದಾರ ಪೋಣಿಸಿ ಅಂಗಡಿಯ ಗೋಡೆಗೆ ಚುಚ್ಚಿಟ್ಟು ಹೋಗುತ್ತಿದ್ದಳು.

"ಡಾಕ್ಟರ ಹತ್ರ ಹೋಗಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ. ಇನ್ನು ಸ್ವಲ್ಪ ದಿನಕ್ಕೆ ನನ್ನನ್ನೇ ಯಾರಮ್ಮ ನೀನು ಅಂತೀರ," ಎಂದಳು ಒಂದು ದಿನ.

"ನಿನ್ನ ಬಾಯಿ ಕೇಳಿದ್ರೆ ಸಾಕು, ಗುರುತು ಸಿಗುತ್ತೆ," ಎಂದ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ತಟ್ಟೆ ಏಳನೇ ಗುರುತಿಗೇ ಮಾಯವಾಯಿತು. ಟೈಲರಣ್ಣ ಇನ್ನಷ್ಟು ಬಗ್ಗಿ ನೋಡಿದ. ಮೇಲೆತ್ತಿ ಮತ್ತೆ ಇಳಿಸಿದ. ಏಳೇ. ಕಣ್ಣುಜ್ಜಿಕೊಂಡು ಆಚೆ ದಡ ನೋಡಿದ. ಕಾರ್ಖಾನೆಯ ಚಿಮಣಿಯೂ ಮಸುಕು, ಪಕ್ಕದ ಮರವೂ ಮಸುಕು. ಆಗ ಅವನಿಗೆ ಒಂದು ಥರದ ಸಮಾಧಾನವಾಯಿತು. ನೀರಿಗೆ ಏನೂ ಆಗಿಲ್ಲ, ಆಗಿರುವುದು ನನ್ನ ಕಣ್ಣಿಗೆ ಎಂದುಕೊಂಡ.

ಈ ಮಾತನ್ನು ಟೀಚರಿಗೆ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೇಳಿದರೆ ಅವರು ಹಗ್ಗವನ್ನು ಬೇರೆಯವರ ಕೈಗೆ ಕೊಡುತ್ತಾರೆ. ನಾಳೆಯಿಂದ ನೀರು ಹೇಗಿದೆ ಎಂದು ಜನ ಬೇರೆ ಯಾರನ್ನೋ ನಿಲ್ಲಿಸಿ ಕೇಳುತ್ತಾರೆ. ಪೆನ್ನು ಹಿಡಿದು ಪುಸ್ತಕ ತೆರೆದ. ನಲವತ್ತು ವರ್ಷದಿಂದ ಅವನು ಯಾರಿಗೂ ಮೈಯಳತೆಗೆ ಸರಿಯಾಗಿ ಬಟ್ಟೆ ಕತ್ತರಿಸಿದವನಲ್ಲ. ಎದೆ ಮೂವತ್ತೆಂಟು ಬಂದರೆ ಎರಡಿಂಚು ಸೇರಿಸಿ ನಲವತ್ತು ಎಂದು ಬರೆದುಕೊಳ್ಳುವುದು. ಉಸಿರಾಡಲು, ಕೈ ಎತ್ತಲು ಜಾಗ ಬೇಕಲ್ಲ. ಟೇಪು ಹೇಳಿದ್ದನ್ನು ಹಾಗೇ ನಂಬುವವನು ಟೈಲರೇ ಅಲ್ಲ ಎಂದು ಅವನ ಲೆಕ್ಕ. ಕಣ್ಣಿನ ಪಾಲಿಗೆ ಎರಡು ಗುರುತು ಬಿಟ್ಟುಕೊಟ್ಟು ಪುಸ್ತಕದಲ್ಲಿ ಒಂಬತ್ತು ಎಂದು ಬರೆದ. ಮೋಸ ಮಾಡುತ್ತಿದ್ದೇನೆ ಎಂದು ಅವನಿಗೆ ಅನಿಸಲೇ ಇಲ್ಲ. ಸರಿ ಮಾಡುತ್ತಿದ್ದೇನೆ ಎಂದೇ ಅನಿಸಿತು.

ತಿಂಗಳುಗಳು ಕಳೆದವು. ತಟ್ಟೆ ಆರಕ್ಕೆ ಮಾಯವಾಗತೊಡಗಿತು, ಆಮೇಲೆ ಐದಕ್ಕೆ. ಅವನು ಮೂರು ಸೇರಿಸಿದ, ಕೆಲವು ದಿನ ನಾಲ್ಕು. ಪುಸ್ತಕ ಮಾತ್ರ ಒಂಬತ್ತು, ಎಂಟೂವರೆ, ಒಂಬತ್ತು ಎಂದು ಹಾಯಾಗಿ ನಡೆಯುತ್ತಿತ್ತು.

ಮಾರ್ಕೆಟ್ಟಿನ ಮೀನಕ್ಕ ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ಅವಳ ಗಂಡ ಇದೇ ಕೆರೆಯಲ್ಲಿ ಬಲೆ ಹಾಕುವವನು, ಅವಳು ಮಾರುವವಳು.

"ಅಣ್ಣ, ಮೀನು ವಾಸನೆ ಹೊಡೀತಿದೆ. ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನಕ್ಕೆ ವಾಪಸ್ ತಂದು ಮುಖದ ಮೇಲೆ ಎಸೀತಾರೆ. ನೀರಲ್ಲೇ ಏನೋ ಆಗಿದೆ ಅನ್ನಿಸುತ್ತೆ. ಮೀಟಿಂಗಲ್ಲಿ ಹೇಳ್ಲಾ?"

ಟೈಲರಣ್ಣ ಪುಸ್ತಕ ತೆರೆದು ಅವಳ ಮುಂದಿಟ್ಟ. "ನೋಡಮ್ಮ, ಇವತ್ತೂ ಒಂಬತ್ತು. ನೀರು ಕನ್ನಡಿ ಇದ್ದ ಹಾಗಿದೆ. ನಿನ್ನ ಐಸ್ ಪೆಟ್ಟಿಗೆ ಹಳೇದಾಗಿದೆ, ಅದನ್ನ ಬದಲಾಯಿಸು."

ಅವಳು ಪುಸ್ತಕದ ಮೇಲೆ ಬೆರಳಾಡಿಸಿ, ಹನ್ನೊಂದು ವರ್ಷದ ನೀಟಾದ ಅಕ್ಷರಗಳನ್ನು ನೋಡಿ, ತಲೆಯಾಡಿಸಿ ಹೋದಳು. ಮುಂದಿನ ವಾರವೇ ಹೊಸ ಪೆಟ್ಟಿಗೆ ಕೊಂಡಳು. ಊರಿನಲ್ಲಿ ಅವಳೊಬ್ಬಳೇ ಅಲ್ಲ. ನೀರು ಯಾಕೋ ರಾಡಿಯಾಗಿದೆ ಎಂದು ಇನ್ನೂ ಇಬ್ಬರು ಮೂವರು ಗೊಣಗಿದ್ದರು. ಟೈಲರಣ್ಣ ದಿನಾ ನೋಡ್ತಾನಲ್ಲ, ಅವನಿಗಿಂತ ನಿಮಗೆ ಗೊತ್ತಾ ಎಂದು ಉಳಿದವರು ಅವರ ಬಾಯಿ ಮುಚ್ಚಿಸಿದ್ದರು. ನಂಬಿಕೆಗೆ ಇಷ್ಟು ಬಲ ಇರುತ್ತದೆ ಎಂದು ಗೊತ್ತಿದ್ದರೆ ಅವನು ಅಷ್ಟು ಧಾರಾಳವಾಗಿ ಅದನ್ನು ಬಳಸುತ್ತಿರಲಿಲ್ಲ.

ಕೊನೆಗೆ ಹೆಂಡತಿಯ ಕಾಟ ತಡೆಯಲಾರದೆ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸಿಕೊಂಡ, ಒಂದು ಕಣ್ಣು ಆದ ಮೇಲೆ ಇನ್ನೊಂದು. ಆ ದಿನಗಳಲ್ಲಿ, ಯಾರಿಗೂ ತಿಳಿಸದೆ, ಹಿಂದಿನ ದಿನದ ಅಂಕಿಯನ್ನೇ ಮುಂದೆ ಬರೆದುಕೊಂಡು ಹೋದ. ಪಟ್ಟಿ ಬಿಚ್ಚಿದ ದಿನ ಹೆಂಡತಿಯ ಕೆನ್ನೆಯ ಮೇಲಿನ ಮಚ್ಚೆ, ಗೋಡೆಯ ಬಿರುಕು, ದಾರದ ರೀಲಿನ ಮೇಲಿನ ಸಣ್ಣ ಅಕ್ಷರ ಎಲ್ಲವೂ ಥಳಥಳ ಕಂಡವು. ಖುಷಿ ತಡೆಯಲಾರದೆ ಮಾರನೇ ಬೆಳಿಗ್ಗೆ ಏಳಕ್ಕೆ ಮುಂಚೆಯೇ ಕಟ್ಟೆಗೆ ಹೋದ. ಆಚೆ ದಡದ ಚಿಮಣಿಯ ಇಟ್ಟಿಗೆಗಳನ್ನು ಎಣಿಸಬಹುದಿತ್ತು. ತಟ್ಟೆ ಇಳಿಸಿದ.

ನಾಲ್ಕನೇ ಗುರುತಿಗೆ ತಟ್ಟೆ ಕಾಣದಾಯಿತು.

ಟೈಲರಣ್ಣ ಮತ್ತೆ ಇಳಿಸಿ ನೋಡಿದ, ನಾಲ್ಕೇ. ನೀರಿನ ಮೇಲೆ, ಕಟ್ಟೆಯ ಕಲ್ಲಿಗೆ ಒರಗಿದಂತೆ, ಬೂದು ನೊರೆಯ ಅಂಚು ಇತ್ತು. ಅದು ಅವತ್ತು ಬಂದದ್ದಲ್ಲ. ಕಲ್ಲಿನ ಮೇಲೆ ಪದರ ಕಟ್ಟಿತ್ತು.

ಆ ವಾರದ ಕೊನೆಗೆ ಮಾಲಿನ್ಯ ಮಂಡಳಿಯ ಅಧಿಕಾರಿಯ ಮುಂದೆ ವಿಚಾರಣೆ. ಕಾರ್ಖಾನೆಯವರು ತಮ್ಮ ಕೊಳಕು ನೀರನ್ನು ಕೆರೆಗೆ ಬಿಡುವ ನೀರಿನಡಿಯ ಕೊಳವೆಯ ಪಕ್ಕದಲ್ಲಿ ಅಂಥದ್ದೇ ಎರಡನೆಯದನ್ನು ಹಾಕಲು ಅನುಮತಿ ಕೇಳಿದ್ದರು. ಸಮಿತಿಯ ಕೈಲಿದ್ದ ಆಧಾರವೆಂದರೆ ಅದೊಂದೇ ಪುಸ್ತಕ. ಟೈಲರಣ್ಣ ಎರಡು ಸಲ ಟೀಚರ ಮನೆಯ ಗೇಟಿನ ತನಕ ಹೋಗಿ ವಾಪಸ್ ಬಂದ. ಮೂರನೇ ಸಲ ಅವರೇ ಕಂಡು, "ಬನ್ನಿ ಬನ್ನಿ, ನಮ್ಮ ಹೀರೋ ನೀವೇ ಈ ಸಲ! ಪುಸ್ತಕ ಕೊಟ್ಟು ಹೋಗಿ, ಪಕ್ಕಾ ಪ್ರತಿ ಮಾಡಿಸ್ಬೇಕು," ಎಂದರು. ಅವನು ಪುಸ್ತಕ ಕೊಟ್ಟ; ಅವನ ಅಂಕಿ ಎಂದರೆ ಅವರಿಗೆ ತೆರೆದು ನೋಡುವ ಅಗತ್ಯವೇ ಇರಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಮನೆಗೆ ಬಂದ.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಕಾರ್ಖಾನೆಯ ವಕೀಲ ತೆಳ್ಳಗಿನ ನಗುಮುಖದ ಮನುಷ್ಯ. ಅವನು ಜಗಳವಾಡಲೇ ಇಲ್ಲ. ಟೀಚರು ಒಪ್ಪಿಸಿದ ಪ್ರತಿಯನ್ನೇ ಕೈಗೆತ್ತಿಕೊಂಡು ಕಳೆದ ವರ್ಷದ ಪುಟಗಳನ್ನು ಓದತೊಡಗಿದ. "ಒಂಬತ್ತು. ಎಂಟೂವರೆ. ಒಂಬತ್ತು. ಸ್ವಾಮಿ, ಇದು ನಮ್ಮ ಲೆಕ್ಕವಲ್ಲ, ಇವರದ್ದೇ. ನಮ್ಮ ಉತ್ಪಾದನೆ ದುಪ್ಪಟ್ಟಾದ ವರ್ಷ ಇದು. ಆದ್ರೂ ಕೆರೆ ಹಿಂದಿನಷ್ಟೇ ತಿಳಿಯಾಗಿದೆ ಅಂತ ಇವರೇ ಬರೆದಿದ್ದಾರೆ."

ಟೀಚರು ಟೈಲರಣ್ಣನ ಕಡೆ ತಿರುಗಿದರು. ಆ ನೋಟದಲ್ಲಿ ಅನುಮಾನ ಇರಲಿಲ್ಲ, ಏನಾದರೂ ಹೇಳು ಎಂಬ ಕೋರಿಕೆ ಇತ್ತು. ಅನುಮಾನವೇ ಇದ್ದಿದ್ದರೆ ಅವನು ತಲೆ ತಗ್ಗಿಸಿ ಕೂತುಬಿಡುತ್ತಿದ್ದನೇನೋ. ಎದ್ದು ನಿಂತ.

"ಸ್ವಾಮಿ, ಆ ಅಂಕಿ ಸುಳ್ಳು. ನಾನೇ ಸೇರಿಸಿ ಬರೆದದ್ದು. ನನ್ನ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣೇ ಸರಿಯಿಲ್ಲ, ನೀರು ಸರಿಯಿದೆ ಅಂದ್ಕೊಂಡೆ. ಮೊನ್ನೆ ನೋಡಿದೆ, ನಾಲ್ಕಿದೆ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ದಿನದಿಂದ ಸೇರಿಸ್ತಿದ್ದೀರಿ?"

"ಒಂದು ವರ್ಷ ಇರಬಹುದು. ಅದಕ್ಕೆ ಮುಂಚಿನ ಹತ್ತು ವರ್ಷದ್ದು ಅಪ್ಪಟ ನಿಜ, ಸ್ವಾಮಿ."

"ಅದು ನಿಜ ಅಂತ ಹೇಳೋರು ಯಾರು?"

"ನಾನೇ ಹೇಳ್ತಿದ್ದೀನಲ್ಲ," ಎಂದ ಟೈಲರಣ್ಣ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ವಕೀಲ ನಗಲಿಲ್ಲ, ಅವನಿಗೆ ಅದರ ಅಗತ್ಯ ಇರಲಿಲ್ಲ. ಅಧಿಕಾರಿ ಕೆಟ್ಟವರೇನಲ್ಲ. ಮೊನ್ನೆಯ ಒಂದೇ ದಿನದ ಅಂಕಿಯ ಮೇಲೆ ತೀರ್ಪು ಕೊಡಲಾಗದು, ಒಂದು ವರ್ಷದ ಹೊಸ ಲೆಕ್ಕ ತನ್ನಿ, ಆಗ ಮತ್ತೆ ನೋಡೋಣ ಎಂದರು. ಪುಸ್ತಕವನ್ನು ಪೂರ್ತಿಯಾಗಿ ಪಕ್ಕಕ್ಕಿಟ್ಟು ಎರಡನೇ ಕೊಳವೆಗೆ ಅನುಮತಿ ಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ಟೀಚರು ಪುಸ್ತಕವನ್ನು ಅವನ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಒಂದು ಮಾತು ಹೇಳ್ಬೋದಿತ್ತಲ್ಲ," ಎಂದರು. "ಕಣ್ಣು ಕಾಣ್ತಿಲ್ಲ ಅಂತ. ಪಕ್ಕದಲ್ಲಿ ಇನ್ನೊಬ್ಬರನ್ನ ಕೂರಿಸ್ತಿದ್ದೆ. ನಿಮ್ಮನ್ನ ಬಿಡಿಸ್ತಿರಲಿಲ್ಲ."

ಅವನು ಅಷ್ಟು ದಿನ ಹೆದರಿದ್ದು ಎಂದೂ ಆಗದಿದ್ದ ಸಂಗತಿಗೆ. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತ. ಅವಳು ಅವನ ಕಣ್ಣಿಗೆ ಡಾಕ್ಟರು ಕೊಟ್ಟ ಔಷಧಿಯ ಹನಿ ಹಾಕಿ, ಅಳಬಾರದಂತೆ, ಹೊಲಿಗೆ ಬಿಚ್ಚುತ್ತಂತೆ ಎಂದಳು.

ಹೊಸ ಪುಸ್ತಕ ಶುರುವಾಯಿತು. ಸಮಿತಿ ಈ ಸಲ ಕಟ್ಟುನಿಟ್ಟು ಮಾಡಿತು: ದಿನಾ ಇಬ್ಬರು ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ಅವನ ಜೊತೆ ಬರುತ್ತೇನೆ ಎಂದು ಕೈ ಎತ್ತಿದವಳು ಮೀನಕ್ಕ. ಯಾಕೆಂದು ಅವನು ಕೇಳಲಿಲ್ಲ. ಕೇಳುವ ಮುಖ ಅವನಿಗೆ ಇರಲಿಲ್ಲ.

ಮೊದಲ ದಿನ ಹಗ್ಗ ಇಳಿಸಿದ್ದು ಅವಳೇ. ಇಬ್ಬರೂ ಬಗ್ಗಿ ನೋಡಿದರು.

"ನಾಲ್ಕು," ಎಂದಳು.

"ನಾಲ್ಕೇ," ಎಂದು ಬರೆದ. ಅವಳು ಸಹಿ ಹಾಕಿದಳು, ಅವನೂ ಹಾಕಿದ.

ಮೀನಕ್ಕ ಒದ್ದೆ ಹಗ್ಗವನ್ನು ಸುತ್ತಿಟ್ಟಳು. ಆಮೇಲೆ, "ಅಣ್ಣ, ಬೇಜಾರು ಮಾಡ್ಕೋಬೇಡಿ, ತಿಳ್ಕೊಳೋಕೆ ಕೇಳ್ತೀನಿ. ಹೋದ ವರ್ಷ ಇದೇ ದಿನ ನಿಜವಾಗ್ಲೂ ಎಷ್ಟಿತ್ತು? ಆಗ್ಲೇ ಇಷ್ಟು ಕೆಟ್ಟಿತ್ತಾ, ಇಲ್ಲಾ ಆಮೇಲೆ ಕೆಟ್ಟಿದ್ದಾ?" ಎಂದಳು.

ಟೈಲರಣ್ಣ ಚೀಲದಿಂದ ಹಳೇ ಪುಸ್ತಕ ತೆಗೆದು ಆ ದಿನದ ಸಾಲು ಹುಡುಕಿದ. ಅಕ್ಷರ ಸ್ಪಷ್ಟವಾಗಿ ಕಂಡಿತು: ಎಂಟೂವರೆ. ಅವತ್ತು ಎರಡು ಸೇರಿಸಿದ್ದನೋ, ಮೂರೋ, ನಾಲ್ಕೋ. ಎಷ್ಟು ಹೊತ್ತು ನೋಡಿದರೂ ನೆನಪಾಗಲಿಲ್ಲ.

"ಗೊತ್ತಿಲ್ಲಮ್ಮ," ಎಂದ. "ಇನ್ನು ಅದು ಯಾರಿಗೂ ಗೊತ್ತಾಗಲ್ಲ."