ಜಾಂಗಡದ ಸೈಕಲ್

ಮುಂದಿನ ಗಾಲಿ ನಿಂತಾಗ ಶಿವಬಸಪ್ಪನ ಎಣಿಕೆ ಅರವತ್ತೆಂಟಕ್ಕೆ ಬಂದಿತ್ತು. ಸಮಾಧಾನವಾಗಲಿಲ್ಲ. ಮತ್ತೊಮ್ಮೆ ಬೆರಳಿನಿಂದ ತಿರುಗಿಸಿ, ಕಿವಿಯನ್ನು ಅಚ್ಚಿನ ಹತ್ತಿರ ತಂದು, ಕಣ್ಣು ಮುಚ್ಚಿ ಕೂತ. ಅಂಗಳದಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡಿದ್ದ. ಇತವಾರಿ ಪೇಟೆಯಲ್ಲಿ ಮೂವತ್ತೈದು ವರ್ಷದಿಂದ ಬೇರಿಂಗ್ ಮಾರುವ ಮನುಷ್ಯ ಅವನು. ಬೇರಿಂಗನ್ನು ಕಿರುಬೆರಳಿಗೆ ಸಿಕ್ಕಿಸಿ, ಗಿರ್ರನೆ ತಿರುಗಿಸಿ ಕಿವಿಗೆ ಹಿಡಿದರೆ ಸಾಕು, ಅಸಲಿಯೋ ನಕಲಿಯೋ, ಎಷ್ಟು ದಿನ ಬಾಳೀತು ಎಂದು ಹೇಳಿಬಿಡುತ್ತಿದ್ದ. ಕನ್ಹಾನಿನ ಮಿಸ್ತ್ರಿಗಳು ಬಸ್ಸು ಹತ್ತಿ ಅವನ ಅಂಗಡಿಗೇ ಬರುತ್ತಿದ್ದದ್ದು ಆ ಕಿವಿಯನ್ನು ನಂಬಿ.

ಈಗ ಹಿಂದಿನ ಗಾಲಿಯ ಸರದಿ. ಸಿಟ್ಟಿನಲ್ಲಿದ್ದವನ ಹಾಗೆ ಜೋರಾಗಿ ತಿರುಗಿಸಿದ. ಗಾಲಿಯ ಜೊತೆ ಪೆಡಲ್ಲೂ ತಿರುಗಿ ಬಂದು ಅವನ ಕನ್ನಡಕಕ್ಕೆ ಬಡಿಯಿತು.

"ಸಂಭಾಳಿಸ್ರಿ ಅಪ್ಪಾ," ಎಂದಳು ಕಟ್ಟೆಯ ಮೇಲೆ ಕೂತಿದ್ದ ಮಗಳು ಪೂರ್ವಿ. "ಇದು ಫಿಕ್ಸ್ ಐತಿ. ಗಾಲಿ ತಿರಗಿದ್ರ ಪೆಡಲೂ ತಿರಗತೈತಿ. ನಡುವ ಕಾಲು ನಿಲ್ಸಾಕ ಬರಂಗಿಲ್ಲ."

"ಮತ್ತ ಬ್ರೇಕ್?"

"ಬ್ರೇಕೂ ಇಲ್ರಿ. ಟ್ರ್ಯಾಕ್ ಮ್ಯಾಲ ಬ್ರೇಕ್ ಇದ್ರ ಒಳಗ ಬಿಡೂದಿಲ್ಲ."

ಶಿವಬಸಪ್ಪ ಕನ್ನಡಕ ಒರೆಸಿಕೊಂಡ. ಬ್ರೇಕ್ ಇಲ್ಲ, ಗೇರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಒಂದು ಗಂಟೆಯಾದರೂ ಇದೆಯೇ ಎಂದರೆ ಅದೂ ಇಲ್ಲ. ಇಷ್ಟೆಲ್ಲ ಕಿತ್ತು ಹಾಕಿದ ಮೇಲೆ ಬೆಲೆ ಇಳಿಯಬೇಕಲ್ಲ. ನಲವತ್ತಾರು ಸಾವಿರ. ಅದೂ ಹೊಸಬರು ಕಲಿಯುವ ಸೈಕಲ್ಲಂತೆ, ಎಲ್ಲಕ್ಕಿಂತ ಕೆಳಗಿನ ದರ್ಜೆಯದು.

"ಇದ್ದದ್ದಕ್ಕ ರೊಕ್ಕ ಕೊಡೂದು ಗೊತ್ತಿತ್ತು," ಎಂದ. "ಇಲ್ಲದ್ದಕ್ಕ ಕೊಡೂದು ಇವತ್ತ ನೋಡಿದೆ."

ಸೈಕಲ್ ಇನ್ನೂ ಅವರದಾಗಿರಲಿಲ್ಲ. ವಾಡಿಯಲ್ಲಿ ಲಾರಿಗಳ ಗೋದಾಮಿನ ಸಾಲಿನಲ್ಲಿ ಓಟದ ಸೈಕಲ್ಲುಗಳನ್ನು ಮಾರುವ ಅಭಯನಿದ್ದಾನಲ್ಲ, ಶಿವಬಸಪ್ಪನ ಹಳೆಯ ಗೆಳೆಯನ ಮಗ, ಅವನಿಂದ ಶನಿವಾರ ಜಾಂಗಡದ ಮೇಲೆ ತಂದದ್ದು. ಜಾಂಗಡವೆಂದರೆ ಇತವಾರಿಯ ಹಳೆಯ ರೂಢಿ. ಮಾಲು ಒಯ್ಯಿ, ನಾಲ್ಕು ದಿನ ನೋಡು, ಮನಸ್ಸಿಗೆ ಬಂದರೆ ದುಡ್ಡು ಕೊಡು, ಬಾರದಿದ್ದರೆ ಹೇಗೆ ಒಯ್ದೆಯೋ ಹಾಗೇ ತಂದಿಡು. ಬಟ್ಟೆಗೆ, ಬೇರಿಂಗಿಗೆ ನಡೆಯುತ್ತದೆ. ಸೈಕಲ್ಲಿಗೆ ಯಾರೂ ಕೇಳಿದವರಿಲ್ಲ. ಅಭಯ ನಕ್ಕ. ಕಾಕಾನ ಮುಖ ನೋಡಿ ಚೀಟಿ ಬರೆದುಕೊಟ್ಟ: ಮಂಗಳವಾರ ಸಂಜೆ ಐದರವರೆಗೆ. ಕೊನೆಯ ಸಾಲನ್ನು ಹೇಳಿ ಬರೆಸಿದ್ದು ಮಾತ್ರ ಸ್ವತಃ ಶಿವಬಸಪ್ಪನೇ. 'ಗೆರೆ ಬಿದ್ದರೆ ಮಾಲು ಒಯ್ದವನದು.' ಅದಿಲ್ಲದ ಜಾಂಗಡ ಜಾಂಗಡವೇ ಅಲ್ಲ ಎಂದು ಹುಡುಗನಿಗೆ ಪಾಠವನ್ನೂ ಹೇಳಿದ್ದ.

ಅದೇ ಮಂಗಳವಾರ ಸಂಜೆ ಪೂರ್ವಿಯ ಕೋಚ್ ಪುಣೆಯಲ್ಲಿ ನಡೆಯುವ ಟ್ರ್ಯಾಕ್ ಓಟದ ಆಯ್ಕೆಗೆ ಹೆಸರುಗಳನ್ನು ಕಳಿಸುವವರಿದ್ದರು. ರಸ್ತೆಯ ಸೈಕಲ್ ಓಟದಲ್ಲಿ ಅವಳದು ಎರಡನೆಯ ಹೆಸರು. ಟ್ರ್ಯಾಕಿಗೆ ಹೋದರೆ ಮೊದಲನೆಯದಾದೀತು ಎನ್ನುತ್ತಿದ್ದರು ಅವರು. ಆದರೆ ಸ್ವಂತ ಟ್ರ್ಯಾಕ್ ಸೈಕಲ್ ಇಲ್ಲದವರ ಹೆಸರು ಕಳಿಸುವುದಿಲ್ಲ. ಮುಂದಿನ ಆಯ್ಕೆಗೆ ಇನ್ನೊಂದು ವರ್ಷ. ಪೂರ್ವಿಗೆ ಹತ್ತೊಂಬತ್ತು ನಡೆಯುತ್ತಿತ್ತು.

ಶಿವಬಸಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರವೇ ಸೈಕಲ್ಲನ್ನು ಅಂಗಡಿಗೆ ಒಯ್ದು ತಕ್ಕಡಿಗೆ ಏರಿಸಿದ. ಅಭಯ ಹೇಳಿದ್ದಕ್ಕಿಂತ ಆರುನೂರು ಗ್ರಾಂ ಹೆಚ್ಚು. ಚೌಕಟ್ಟಿಗೆ ಅಯಸ್ಕಾಂತ ಹಿಡಿದ, ಅಂಟಲಿಲ್ಲ, ಅಲ್ಯೂಮಿನಿಯಂ ನಿಜ; ಮುಂದಿನ ಗಾಲಿಯನ್ನು ಹಿಡಿಯುವ ಕವಲಿಗೆ ಹಿಡಿದ, ಟಕ್ಕನೆ ಕಚ್ಚಿಕೊಂಡಿತು. ಬೆಸುಗೆಯ ಮೇಲೆ ಉಗುರು ಎಳೆದ, ಅಡ್ಡಿಯಿಲ್ಲ. ಚೈನು ಗಟ್ಟಿ. ಗಾಲಿಯ ಅಚ್ಚು ಹೊರಗೆ ತೆಗೆದಾಗ ಒಳಗಿನ ಬೇರಿಂಗ್ ನೋಡಿ ಮಾತ್ರ ಅವನ ಮುಖ ಹುಳ್ಳಗಾಯಿತು. ಅದೇ ಅಳತೆಯದು ಅವನ ಅಂಗಡಿಯ ಕೆಳಗಿನ ಖಾನೆಯಲ್ಲಿ ಡಬ್ಬಿಗಟ್ಟಲೆ ಇತ್ತು. ಒಂದಕ್ಕೆ ಎಂಬತ್ತು ರೂಪಾಯಿ, ಹಿಟ್ಟಿನ ಗಿರಣಿಯವರೂ ಮುಟ್ಟದ ಮಾಲು. ಎಲ್ಲ ಕೂಡಿಸಿದರೂ ಇಪ್ಪತ್ತೇಳು ಸಾವಿರ ದಾಟಲಿಲ್ಲ. ಹಾಗಾದರೆ ವಾಪಸ್ ಕೊಟ್ಟುಬಿಡಬೇಕು. ಮೂವತ್ತೈದು ವರ್ಷದಲ್ಲಿ ಒಂದು ವಸ್ತುವಿನ ತೀರ್ಮಾನಕ್ಕೆ ಅವನು ಐದು ನಿಮಿಷಕ್ಕಿಂತ ಹೆಚ್ಚು ತಗೊಂಡದ್ದಿಲ್ಲ. ಇದೊಂದು ಅವನನ್ನು ಬಿಡುತ್ತಿರಲಿಲ್ಲ. ಊಟದ ನಡುವೆ ಎದ್ದು ಹೋಗಿ ಒಂದು ನಟ್ಟು ಬಿಗಿ ಮಾಡಿ ಬರುತ್ತಿದ್ದ.

"ನನ್ನ ನೋಡಾಕ ಬಂದಾಗ ಒಂದ ಕಪ್ ಚಹಾ ಕುಡಿದು ಹೂಂ ಅಂದ್ರಿ," ಎಂದಳು ಅವನ ಹೆಂಡತಿ ನೀಲಾಂಬಿಕಾ, ರೊಟ್ಟಿ ಬಡಿಸುತ್ತ. "ಸೈಕಲ್ಲಿಗೆ ಎರಡು ದಿನ ಸಾಲಲಿಲ್ಲೇನ್ರಿ?"

"ನಿನ್ನ ವಾಪಸ್ ಕೊಡಾಕ ಬರ್ತಿರಲಿಲ್ಲ. ಇದನ್ನ ಬರತೈತಿ. ಅದಕ್ಕ ತ್ರಾಸು."

ಹೆಂಡತಿ ನಕ್ಕಳು, ಅವನು ನಗಲಿಲ್ಲ. ಅಟ್ಟದ ಮೇಲೆ ಮಗಳ ಸ್ಕೇಟಿಂಗ್ ಬೂಟುಗಳಿದ್ದವು, ಎಂಟು ದಿನ ಹಾಕಿದ್ದು. ಅದರ ಪಕ್ಕದಲ್ಲಿ ಬ್ಯಾಡ್ಮಿಂಟನ್ ಬ್ಯಾಟುಗಳು, ಒಂದು ಬೇಸಿಗೆಗೆ ಸಾಕಾದವು. ಸೈಕಲ್ಲಿನ ಬೇರಿಂಗ್ ಎಷ್ಟು ದಿನ ಬಾಳೀತೆಂದು ಅವನು ಹೇಳಬಲ್ಲ. ಹುಡುಗಿಯ ಹಟ ಎಷ್ಟು ದಿನ ಬಾಳೀತೆಂದು ಯಾವ ಕಿವಿಗೆ ಹಿಡಿದು ನೋಡುವುದು?

ಸೋಮವಾರ ಬೆಳಕು ಹರಿಯುವಾಗ ಸ್ಕೂಟರ್ ಹತ್ತಿ, ಅವಳ ಹಿಂದೆ ವಾಡಿಯ ಗೋದಾಮುಗಳ ಖಾಲಿ ರಸ್ತೆಗೂ ಹೋಗಿ ಬಂದ. ಬಗ್ಗಿದ ಬೆನ್ನು, ನಿಲ್ಲದೆ ತಿರುಗುವ ಎರಡು ಕಾಲು, ಅಷ್ಟೇ ಕಂಡದ್ದು. ವೇಗ ಹೇಗಿದೆ ಎಂದು ಕೇಳಿದರೆ ಅವಳು ಠೀಕ್ ಐತಿ ಎಂದಳು. ಮನೆಗೆ ಬಂದು ಸೈಕಲ್ಲನ್ನು ಹಳೆಯ ಹತ್ತಿಬಟ್ಟೆಯಿಂದ ಒರೆಸಿ, ಗೋಡೆಗೆ ತಾಗದಂತೆ ನಡುವೆ ದಿಂಬು ಇಟ್ಟು ಆನಿಸಿದಳು. ಮಾರ್ಚಿನ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ. ಅವ್ವ ಬೈದರೆ, ಕೈ ಕಪ್ಪಾಗುತ್ತದೆ ಎನ್ನುತ್ತಿದ್ದಳು.

ಮಂಗಳವಾರ ಶಿವಬಸಪ್ಪ ಅಂಗಡಿಗೆ ಹೋಗಲಿಲ್ಲ. ವಾಪಸ್ ಕೊಡುವುದೆಂದು ಗಟ್ಟಿಮಾಡಿದ್ದ. ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡ. ಆದರೂ ಒಂದು ಸಲ ತಾನೇ ಹತ್ತಿ ನೋಡದೆ ಬೇಡವೆನ್ನುವುದು ನ್ಯಾಯವಲ್ಲ ಅನಿಸಿತು. ಪೂರ್ವಿ ಕಾಲೇಜಿಗೆ ಹೋಗಿದ್ದಳು. ಪಾಯಜಾಮದ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ, ಸೈಕಲ್ಲನ್ನು ಹಿಂದಿನ ಓಣಿಗೆ ಒಯ್ದು ಹತ್ತಿದ.

ಹತ್ತಿದ್ದೇ ತಡ, ಸೈಕಲ್ ತಾನೇ ಮುಂದೆ ಹೊರಟಿತು. ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದ ಹಾಗೆ. ಸದ್ದಿಲ್ಲ, ಗಡಗಡ ಇಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಬಾದಾಮಿಯ ಕಡೆಯಿಂದ ಸೋದರಮಾವನ ಅಂಗಡಿಗೆ ಬಂದವನು ಅವನು. ಹಿಂದೆ ಮೂವತ್ತು ಕಿಲೋ ಬೇರಿಂಗ್ ಕಟ್ಟಿಕೊಂಡು ಕನ್ಹಾನ್ ತನಕ ತುಳಿದವನು. ಹೊಳೆಯ ಸೇತುವೆ ದಾಟಿ ಇಳಿಜಾರು ಬಂದಾಗ ಎರಡೂ ಕಾಲು ನಿಲ್ಲಿಸಿ, ಗಾಳಿಗೆ ಅಂಗಿ ಉಬ್ಬಿಸಿಕೊಂಡು ಹೋಗುತ್ತಿದ್ದ ಸುಖ ಎಷ್ಟೋ ವರ್ಷದ ಮೇಲೆ ಮೈಗೆ ನೆನಪಾಯಿತು. ಓಣಿ ಸ್ವಲ್ಪ ಇಳಿಯುವಲ್ಲಿ, ಆ ಹಳೆಯ ಸುಖಕ್ಕೆಂದೇ, ಅವನು ಕಾಲು ನಿಲ್ಲಿಸಿದ.

ಪೆಡಲ್ ನಿಲ್ಲಲಿಲ್ಲ. ಕೆಳಗಿನಿಂದ ಕಾಲನ್ನು ಎತ್ತಿ ಒಗೆಯಿತು. ಬೇವಿನ ಮರ, ಆಕಾಶ, ಗಟಾರದ ಕಲ್ಲು, ಮೂರೂ ಒಂದರ ಹಿಂದೊಂದು ಬಂದುಹೋದವು. ಎದ್ದು ಕೂತು ಮೊದಲು ನೋಡಿದ್ದು ಸೈಕಲ್ಲನ್ನು. ಮೇಲಿನ ಕಪ್ಪು ಕೊಳವೆಯ ಮೇಲೆ ಬೆರಳುದ್ದದ ಗೆರೆ, ಬಣ್ಣ ಹೋಗಿ ಬೆಳ್ಳಗೆ ಲೋಹ ಕಾಣುವಷ್ಟು.

ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ನೀಲಾಂಬಿಕಾ ಎಲ್ಲ ನೋಡಿದ್ದಳು. ಕೆಳಗಿಳಿದು ಬಂದು, ಅವನ ಮೊಣಕಾಲಿಗೆ ಅರಿಶಿಣ ಹಚ್ಚಿ ಬಟ್ಟೆ ಕಟ್ಟಿದಳು.

ಮೂರಕ್ಕೆ ಪೂರ್ವಿ ಬಂದಾಗ ಶಿವಬಸಪ್ಪ ಅಂಗಳದಲ್ಲಿ ಒಂದು ಕಾಲು ಚಾಚಿ ಕೂತು, ಕಪ್ಪು ಪೇಂಟಿನ ಸಣ್ಣ ಡಬ್ಬಿಯೊಂದರ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟುತ್ತಿದ್ದ. ಪಕ್ಕದಲ್ಲಿ ಹೊಸ ಬ್ರಷ್ಷು. ಮೇಲೆ ನೋಡಿದ, ಮತ್ತೆ ಡಬ್ಬಿಯನ್ನು ನೋಡಿದ. ಕನ್ಹಾನಿನ ಮಿಸ್ತ್ರಿಯೊಬ್ಬ ಹಿಂದೊಮ್ಮೆ ಸುತ್ತಿಗೆಯ ಗುರುತು ಉಜ್ಜಿ ಅಳಿಸಿ ಜಾಂಗಡದ ಮಾಲು ವಾಪಸ್ ತಂದಿದ್ದಾಗ, ನಾಲ್ಕು ಜನರೆದುರು ಅವನ ಮಾನ ತೆಗೆದಿದ್ದ ಇದೇ ಶಿವಬಸಪ್ಪ.

ಪೂರ್ವಿ ಡಬ್ಬಿಯನ್ನು, ಗೆರೆಯನ್ನು, ಕಟ್ಟಿದ ಮೊಣಕಾಲನ್ನು ನೋಡಿದಳು.

"ಆ ಬಣ್ಣ ಹೊಳೀತೈತಿ ಅಪ್ಪಾ. ಸೈಕಲ್ಲಿಂದು ಹೊಳಿಯಂಗಿಲ್ಲ. ಅಭಯ ದಾದಾಗ ಪಟ್ಕನ ಕಾಣತೈತಿ." ಅವನ ಎದುರು ಕುಕ್ಕರಗಾಲಲ್ಲಿ ಕೂತಳು. "ಕಾಲು ನಿಲ್ಸಿದ್ರೇನು?"

ಅವನು ಹೂಂ ಎಂದ.

"ನಾನೂ ಹಂಗ. ಐತವಾರ ಮುಂಜಾನೆ ಮೂರ ಸಲ ಬಿದ್ದೆ."

ಶಿವಬಸಪ್ಪನ ಕಣ್ಣು ತಾನಾಗಿ ಸೈಕಲ್ಲಿನ ಮೇಲೆ ಓಡಿತು. ತುದಿಯಿಂದ ತುದಿಗೆ ಭೂತಗನ್ನಡಿ ಹಿಡಿದು ನೋಡಿದ ಸೈಕಲ್ಲು ಅದು. ಬೆಳಗಿನ ತನಕ ಅದರ ಮೇಲೆ ಕೂದಲೆಳೆಯಷ್ಟು ಗೀರೂ ಇರಲಿಲ್ಲ.

"ಬಿದ್ದಿದ್ರ ಗೆರಿ ಎಲ್ಲೈತಿ?"

ಪೂರ್ವಿ ಬಲಗೈಯ ಗುಂಡಿ ಬಿಚ್ಚಿ ತೋಳನ್ನು ಮೇಲೆ ಮಡಚಿದಳು. ಮಣಿಕಟ್ಟಿನಿಂದ ಮೊಣಕೈತನಕ ಚರ್ಮ ಸುಲಿದು, ಕೆಂಪಗೆ, ಅಲ್ಲಲ್ಲಿ ಹೆಪ್ಪುಗಟ್ಟಿತ್ತು. ಬೀಳುವಾಗ ಸೈಕಲ್ಲನ್ನು ಮೈಮೇಲೆ ಎಳೆದುಕೊಂಡು ತಾನು ಕೆಳಗಾಗಿದ್ದಳಂತೆ. ಅವ್ವನಿಗೆ ಹೇಳಬೇಡಿ ಎನ್ನುವಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಹುಚ್ಚಿ," ಎಂದ ಶಿವಬಸಪ್ಪ. "ಒಂದ ಗೆರಿ ಬಿದ್ದಿದ್ರ ಮಾಲು ನಮ್ದ ಆಗತಿತ್ತು. ಚೀಟಿ ಓದಿದ್ದಿಲ್ಲೇನು?"

"ಓದಿದ್ದೆ. ಹಂಗ ನಮ್ದ ಮಾಡ್ಕೊಳ್ಳೂದು ನನಗ ಬ್ಯಾಡಾಗಿತ್ತು. ನೀವು ಹೂಂ ಅನ್ನೂ ತನಕ ಅದು ಅವರದ." ತೋಳಿನ ಮೇಲೆ ಊದಿಕೊಂಡಳು. "ವಾಪಸ್ ಕೊಡೂದಿದ್ರ ನಾನ ಒಯ್ತೀನ್ರಿ. ಗೆರಿ ನಾ ಹಾಕಿದೆ ಅಂತೀನಿ. ಡಬ್ಬಿ ಮುಚ್ಚಿಡ್ರಿ."

ಶಿವಬಸಪ್ಪ ಡಬ್ಬಿ ಮುಚ್ಚಿದ. ಗೋಡೆ ಹಿಡಿದು ಎದ್ದು, ಸ್ಕೂಟರಿನ ಕೀಲಿ ತಗೊಂಡು, ಕುಂಟುತ್ತ ಹೊರಗೆ ಹೋದ. ಎಲ್ಲಿಗೆ ಎಂದು ನೀಲಾಂಬಿಕಾ ಕೇಳುವಷ್ಟರಲ್ಲಿ ಸ್ಕೂಟರ್ ಓಣಿ ದಾಟಿತ್ತು. ಸೈಕಲ್ ಅಲ್ಲೇ ಇತ್ತು. ತಾಯಿ ಅರಿಶಿಣ ಕಲಸಿ ತಂದು, ಬೈಯುತ್ತ ಮಗಳ ಕೈಗೆ ಹಚ್ಚಿದಳು. ಕೋಚ್ ಅವರ ಫೋನ್ ಎರಡು ಸಲ ಬಂತು; ಪೂರ್ವಿ ಎತ್ತಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವನು ಬಂದ. ಕಿಸೆಯಿಂದ ಎರಡು ಪುಟ್ಟ ಡಬ್ಬಿಗಳನ್ನು ತೆಗೆದು ಗೋಣಿಚೀಲದ ಮೇಲಿಟ್ಟ. ಅಂಗಡಿಯ ಮೇಲಿನ ಖಾನೆಯವು, ಕೇಳಿದವರಿಗೆಲ್ಲ ತೋರಿಸದ ಬೇರಿಂಗ್. ಸೈಕಲ್ಲನ್ನು ಮತ್ತೆ ತಲೆಕೆಳಗು ಮಾಡಿ, ಮುಂದಿನ ಗಾಲಿ ಬಿಚ್ಚಿ, ಹಳೆಯ ಬೇರಿಂಗುಗಳನ್ನು ತಟ್ಟಿ ಉದುರಿಸಿದ. ಹೊಸದೊಂದನ್ನು ಕಿರುಬೆರಳಿಗೆ ಸಿಕ್ಕಿಸಿ ಕಿವಿಗೆ ಹಿಡಿದ. ಅಷ್ಟರಲ್ಲಿ ಅಭಯನ ಫೋನ್. ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಗೆರೆ ಬಿದ್ದಿದೆ ಎಂದು ಹೇಳಿದ. ಆ ಕಡೆಯಿಂದ ಅಭಯ, ಇರಲಿ ಕಾಕಾ, ತಂದುಬಿಡ್ರಿ, ನಾ ನೋಡ್ಕೋತೀನಿ ಎಂದದ್ದು ಅಂಗಳದಲ್ಲಿದ್ದ ಇಬ್ಬರಿಗೂ ಕೇಳಿಸಿತು.

"ಇಲ್ಲೋ. ಜಾಂಗಡ ಅಂದ್ರ ಜಾಂಗಡ," ಎಂದ ಶಿವಬಸಪ್ಪ. "ಆದ್ರ ಈ ಬೇರಿಂಗ್ ಹಾಕಿ ನಲವತ್ತಾರು ಹೇಳ್ತಿಯಲ್ಲ, ನಾಚಿಕಿ ಬರಂಗಿಲ್ಲೇನ್ ನಿನಗ? ಮುಂಜಾನೆ ಬರ್ತೀನಿ, ಕುಂತು ಮಾತಾಡೋಣು."

ಫೋನ್ ಕೆಳಗಿಟ್ಟು, ಹೆಬ್ಬೆರಳಿನಿಂದ ಬೇರಿಂಗ್ ಒತ್ತಿ ಕೂರಿಸಿದ. ಗಾಲಿ ಜೋಡಿಸಲು ಮಗಳಿಗೆ ಕವಲು ಹಿಡಿ, ಇದಾದ ಕೂಡಲೇ ಕೋಚ್ ಅವರಿಗೆ ಫೋನ್ ಹಚ್ಚಿ ಹೆಸರು ಕೊಡು ಎಂದ. ಅವಳು ಹಿಡಿದಳು. ನಟ್ಟು ಬಿಗಿಮಾಡಿ, ಒಂದೇ ಬೆರಳಿನಿಂದ ಗಾಲಿಯನ್ನು ತಿರುಗಿಸಿ ಬಿಟ್ಟ.

ಎಣಿಸಲು ಶುರು ಮಾಡಿದವನು ಮೂವತ್ತರ ಹತ್ತಿರ ಎಲ್ಲೋ ಲೆಕ್ಕ ಬಿಟ್ಟ. ಗಾಲಿ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಕವಲನ್ನು ಹಿಡಿದಿದ್ದ ಮಗಳ ಕೈಯ ಮೇಲೆ ಅರಿಶಿಣ ಇನ್ನೂ ಒಣಗಿರಲಿಲ್ಲ.