ಹದಿಮೂರನೇ ಎಲೆಯ ಗುರುತು

ನಾಲ್ಕನೇ ಸಲ ಫೈಲು ಮುಚ್ಚಿ ತೆರೆದರೂ ಅಕ್ಷರಗಳು ಬದಲಾಗಲಿಲ್ಲ. ಅವಳು ಎದ್ದಳು, ಕೂತಳು, ಕಿಟಕಿಯವರೆಗೆ ಹೋಗಿ ಬಂದಳು, ಮತ್ತೆ ಎದ್ದಳು.

"ಏನ್ರೀ, ಕುರ್ಚೀಲಿ ಮುಳ್ಳಿದ್ಯಾ?" ಎಂದ ಪಕ್ಕದ ಮೇಜಿನವನು.

"ಇದೆ," ಎಂದಳು. ಸುಳ್ಳೇನಲ್ಲ.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಜೀವ ಹಿಂಡುವಂಥದ್ದು. ನಿಂಬೆ, ಕಿತ್ತಳೆ ಗಿಡಗಳಿಗೆ ಕಜ್ಜಿ ರೋಗ ಬರುತ್ತದೆ. ಎಲೆ, ಕಾಯಿಗಳ ಮೇಲೆಲ್ಲ ಕಂದು ಗುಳ್ಳೆ ಏಳುತ್ತದೆ. ಆ ರೋಗ ತರುವ ಬ್ಯಾಕ್ಟೀರಿಯಾದಲ್ಲಿ ಒಂದು ಕಿಲಾಡಿ ಜೀನ್ ಇದೆ. ಅದರಿಂದ ಹುಟ್ಟುವ ಪ್ರೋಟೀನು ಗಿಡದ ಜೀವಕೋಶದೊಳಗೆ ನುಗ್ಗಿ, ಬಂದ ನೆಂಟ ಮನೆ ಯಜಮಾನಿಕೆ ಹಿಡಿದಂತೆ, ತನಗೆ ಬೇಕಾದ್ದನ್ನೆಲ್ಲ ಗಿಡದ ಕೈಯಲ್ಲೇ ಮಾಡಿಸಿಕೊಳ್ಳುತ್ತದೆ. ಆ ಜೀನಿನಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ, ಎಂಥ ಸಣ್ಣ ವ್ಯತ್ಯಾಸಗಳೊಂದಿಗೆ ಎಂದು ಓದಿದರೆ ರೋಗ ಯಾವ ಕಡೆಯಿಂದ ಬಂತೆಂದು ಹೇಳಬಹುದು. ತಮ್ಮ ಪ್ರಯೋಗದ ಬ್ಯಾಕ್ಟೀರಿಯಾಕ್ಕೂ ಹೊರಗಿನದಕ್ಕೂ ಗೊಂದಲವಾಗದಿರಲೆಂದು, ತಮ್ಮದರ ಜೀನಿನ ಪಕ್ಕ ಅವಳೇ ಡಿಎನ್‌ಎಯ ಮೂವತ್ತು ಅಕ್ಷರಗಳ ಒಂದು ಗುರುತು ಸೇರಿಸಿದ್ದಳು. ಕೊಡೆ ಅದಲುಬದಲಾಗದಿರಲೆಂದು ಹಿಡಿಗೆ ದಾರ ಕಟ್ಟುತ್ತಾರಲ್ಲ, ಹಾಗೆ. ಆ ಗುರುತು ಪ್ರಯೋಗಾಲಯದ ಗಾಜಿನ ಮನೆ ಬಿಟ್ಟು ಬೇರೆಲ್ಲೂ ಇರಬಾರದು.

ಈಗ ಅದು ಹೊರಗಿನಿಂದ ಪರೀಕ್ಷೆಗೆ ಬಂದ ಹದಿಮೂರನೇ ಮಾದರಿಯಲ್ಲಿತ್ತು. ಹದಿಮೂರನೇ ಮಾದರಿ ಅವಳ ಅಣ್ಣನ ನರ್ಸರಿಯಿಂದ ಬಂದ ಎಲೆ.

ತಿಂಗಳ ಹಿಂದೆ ಅಲ್ಲಿ ಗುಳ್ಳೆ ಕಂಡಾಗ ತಪಾಸಣೆಯವರು ಬಂದು ನಾಲ್ಕು ಸಾವಿರ ಸಸಿಗಳನ್ನು ಒಂದೂ ಬಿಡದೆ ಸುಡಿಸಿದ್ದರು. ಅಣ್ಣನಿಗೆ ಯಾರ ತಲೆಯ ಮೇಲಾದರೂ ಗೂಬೆ ಕೂರಿಸಬೇಕಿತ್ತು. ಹತ್ತಿರದಲ್ಲಿ ಸಿಕ್ಕಿದ್ದು ಕಸಿ ಮಾವ, ಅಮ್ಮನ ದೂರದ ತಮ್ಮ. ಮೂವತ್ತು ವರ್ಷ ಆ ನರ್ಸರಿಯಲ್ಲಿ ಕಸಿ ಕಟ್ಟಿದ ಮನುಷ್ಯ. ಒಳ್ಳೆಯ ಮರದ ರೆಂಬೆಯಿಂದ ಮೊಗ್ಗಿನ ಕಣ್ಣು ಕೆತ್ತಿ ಎಳೆ ಸಸಿಯ ತೊಗಟೆಯೊಳಗೆ ಕೂರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. "ಹೊರಗಿನ ಮರದ ಕಣ್ಣು ತಂದ್ರಾ? ಎಲ್ಲಿಂದ ತಂದ್ರಿ, ಹೇಳಿ!" ಎಂದು ಅಣ್ಣ ಎಲ್ಲರೆದುರು ಕೂಗಾಡಿದ್ದ. ಮಾವ ತಡವರಿಸಿ, "ತಂದ ನೆನಪಿಲ್ಲಪ್ಪ," ಎಂದಿದ್ದರು. ಅಷ್ಟೇ ಸಾಕಾಯಿತು. ನಾಳೆಯಿಂದ ಬರಬೇಡಿ ಎಂದುಬಿಟ್ಟ. ಅವಳೂ ಅಲ್ಲೇ ನಿಂತಿದ್ದಳು. ವಯಸ್ಸಾಯ್ತು, ಎಲ್ಲೋ ಎಡವಿದ್ದಾರೆ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಆದದ್ದು ಏನೆಂದು ಈಗ ಚುಚ್ಚಿದ ಹಾಗೆ ನೆನಪಾಯಿತು. ಕಸಿ ಕಲಿತ ಯಾರಿಗೂ ತನ್ನದಲ್ಲದ ಚಾಕು ಕೈಗೆ ಹೊಂದುವುದಿಲ್ಲ. ನರ್ಸರಿಯಲ್ಲಿ ಕಸಿ ಕಲಿತಿದ್ದ ಅವಳಿಗೂ ಆ ಕೊಬ್ಬಿತ್ತು. ಪ್ರಯೋಗಾಲಯ ಕೊಟ್ಟ ಬ್ಲೇಡುಗಳನ್ನು ಡ್ರಾಯರಿಗೆ ತಳ್ಳಿ, ತನ್ನ ಮಡಚುವ ಚಾಕುವಿನಲ್ಲೇ ಗಾಜಿನ ಮನೆಯ ರೋಗದ ಗಿಡಗಳನ್ನು ಕೆತ್ತುತ್ತಿದ್ದಳು. ನರ್ಸರಿಯಲ್ಲಿ ಗುಳ್ಳೆ ಕಾಣುವ ಕೆಲವು ವಾರ ಮೊದಲು, ಒಂದು ಶನಿವಾರ ಸಂಜೆ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಜೇಬಿಗಿಟ್ಟಳು. ಭಾನುವಾರ ಬೆಳಿಗ್ಗೆ ನರ್ಸರಿಯಲ್ಲಿ ಅದೇ ಚಾಕುವಿನಿಂದ ಅಣ್ಣನಿಗೆ ಇನ್ನೂರು ಕಸಿ ಕಟ್ಟಿಕೊಟ್ಟಳು. ಅಲಗು ಫಳಫಳ ಎನ್ನುತ್ತಿತ್ತು. ಅಲಗು ಮಡಚುವ ಸಂದಿಯಲ್ಲಿ ರಸ ಅಂಟಿಕೊಂಡಿರುತ್ತದೆಂದು ಐದು ವರ್ಷ ಬ್ಯಾಕ್ಟೀರಿಯಾದ ಅಕ್ಷರ ಅಕ್ಷರ ಓದಿದವಳಿಗೆ ಹೊಳೆಯಲಿಲ್ಲ!

ಮಧ್ಯಾಹ್ನದ ಊಟ ಬಿಟ್ಟು ನರ್ಸರಿಗೆ ಹೋದಳು. ಅಣ್ಣ ಸುಟ್ಟ ಮಣ್ಣಿಗೆ ಸುಣ್ಣ ಹಾಕಿಸುತ್ತಿದ್ದ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಸುಣ್ಣದ ಬುಟ್ಟಿ ಕೆಳಗಿಟ್ಟು ಅವಳನ್ನು ಪಕ್ಕಕ್ಕೆ ಕರೆದ.

"ಇನ್ನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಹಾಗಾದ್ರೆ ಮಾದರಿ ಕೆಟ್ಟುಹೋಯ್ತು ಅಂತ ಬರೆದ್ಬಿಡು. ಸಸಿ ಹೇಗೂ ಹೋಯ್ತು. ನಿನ್ನ ಕೆಲಸಾನೂ ಹೋಗ್ಬೇಕಾ?"

"ಮತ್ತೆ ಮಾವ?"

"ಅವರಿಗೆ ಹೇಗೂ ವಯಸ್ಸಾಗಿತ್ತು ಕಣೇ. ಇನ್ನೆಷ್ಟು ವರ್ಷ ಕಟ್ಟೋರು?"

ಅಣ್ಣನ ಮೇಲೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ತನ್ನ ಮೇಲೆ, ಏಕೆಂದರೆ ಒಂದು ಕ್ಷಣ ಆ ಮಾತು ಅವಳಿಗೂ ಹಿತವಾಗಿ ಕೇಳಿಸಿತ್ತು. ಮಾವನ ಮನೆ ಕಡೆಯ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋದಳು. ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು. ಕೂತರೆ ಮನಸ್ಸು ಬದಲಾದೀತೆಂಬ ಹೆದರಿಕೆ.

ಮಾವನ ಮನೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿತ್ತು. ಅತ್ತೆ ಕೀಲಿ ತಿರುಗಿಸಿ ತೆರೆದು, ಅವಳು ಒಳಗೆ ಬಂದದ್ದೇ ಮತ್ತೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಲೆಯ ಮೇಲಿನ ಗೋಡೆಯಲ್ಲಿ 'ಗ್ಯಾಸ್ ಆರಿಸು' ಎಂಬ ಚೀಟಿ, ನಲ್ಲಿಯ ಬಳಿ 'ನಿಲ್ಲಿಸು' ಎಂಬ ಚೀಟಿ. ಎರಡೂ ಮಾವನ ಅಕ್ಷರ.

"ಬಾ ಪುಟ್ಟಿ," ಎಂದರು ಮಾವ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. "ನಾನೇ ಬರ್ಬೇಕಂತಿದ್ದೆ, ನಿಮ್ಮತ್ತೆ ಬಿಡಲ್ಲ. ನಿನ್ನ ಅಣ್ಣ ಹೇಳಿದ್ದೇ ಸರಿ ಇರ್ಬೇಕು. ಹೊರಗಿನ ಕಣ್ಣು ತಂದಿದೀನಿ, ತಂದಿದ್ದನ್ನೇ ಮರ್ತಿದೀನಿ. ಎಷ್ಟು ತಲೆ ಕೆರ್ಕೊಂಡ್ರೂ ನೆನಪಾಗ್ತಿಲ್ಲ. ನಾಲ್ಕು ಸಾವಿರ ಸಸಿ ಸುಡಿಸಿದ ಕಣ್ಣನ್ನೇ ಮರ್ತವನು ನಾಳೆ ಮನೆ ದಾರಿ ಮರೆಯಲ್ವಾ?"

ಅವಳು ನಿಂತೇ ಹೇಳಿದಳು. "ಮಾವ, ನೀವು ಏನೂ ತಂದಿಲ್ಲ. ರೋಗ ತಂದವಳು ನಾನು, ನನ್ನ ಚಾಕೂಲಿ. ಬ್ಯಾಕ್ಟೀರಿಯಾದಲ್ಲಿ ನಾನೇ ಹಾಕಿದ ಗುರುತಿದೆ. ಇವತ್ತು ಬೆಳಿಗ್ಗೆ ಓದ್ದೆ."

ಮಾವ ಬೈಯುತ್ತಾರೆಂದು ಕಾದಳು. ಅವರು ನಿಧಾನವಾಗಿ ಕೈಗಳನ್ನು ಹೊರಗೆ ತೆಗೆದರು.

"ಅಂದ್ರೆ, ನೆನಪಿಲ್ಲ ಅಂದಿದ್ದು..."

"ನಡೆದೇ ಇಲ್ಲ ಮಾವ. ಅದಕ್ಕೇ ನೆನಪಿಲ್ಲ."

"ಹಾಗಾದ್ರೆ ನನ್ನ ತಲೆ ಸರಿ ಇದೆಯಾ?"

"ಸರಿ ಇದೆ."

ಅತ್ತೆ ಅವಳ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಒಂದು ತಿಂಗಳು ಇವರನ್ನ ಮಗು ಥರ ಕೂಡಿ ಹಾಕಿದೀನಿ. ನೆನಪಿದ್ಯಾ ಅಂತ ರಾತ್ರಿಯೆಲ್ಲ ಕೂತು ಕಸಿ ಕಟ್ಟಿದ ಮರಗಳನ್ನ ಎಣಿಸ್ಕೊಳ್ತಿದ್ರು. ಆವತ್ತು ನೀನೂ ಅಲ್ಲೇ ನಿಂತಿದ್ಯಂತಲ್ಲ?"

"ನಿಂತಿದ್ದೆ ಅತ್ತೆ."

ಅವಳು ಅಲ್ಲೇ, ಅವರಿಬ್ಬರೆದುರೇ, ಫೋನು ತೆಗೆದು ಪ್ರಯೋಗಾಲಯದ ಮುಖ್ಯಸ್ಥೆಗೆ ಕರೆ ಮಾಡಿದಳು. "ಮೇಡಂ, ಹದಿಮೂರನೇ ಮಾದರಿ ನಮ್ಮ ಗಾಜಿನ ಮನೆಯದೇ. ಹೊರಗೆ ತಂದವಳು ನಾನು. ಹೌದು, ಬರೆದು ಸಹಿ ಹಾಕಿ ಕೊಡ್ತೀನಿ." ಆ ಕಡೆಯಿಂದ ಪ್ರಶ್ನೆಯ ಮೇಲೆ ಪ್ರಶ್ನೆ ಬರುತ್ತಿತ್ತು. ಉತ್ತರಿಸುತ್ತಲೇ ನೋಡಿದಳು. ಮಾವ ಎದ್ದು ಅತ್ತೆಯ ಮುಂದೆ ಅಂಗೈ ಚಾಚಿದರು. ಅತ್ತೆ ಸೊಂಟದ ಕೀಲಿ ತೆಗೆದು ಕೊಟ್ಟರು. ಮಾವ ಬೀಗ ತೆರೆದು, ಚಪ್ಪಲಿ ಮೆಟ್ಟಿ, ಒಬ್ಬರೇ ಬೀದಿಗೆ ಇಳಿದು ಹೋದರು.